ಕಡಲಿಗೆ ಬೆನ್ನು ಹಾಕಿದ ನೀರು

ಧ್ಯಾನ ಅಂದಕೂಡಲೆ ಈಗ ಎಲ್ಲರ ಕಣ್ಣ ಮುಂದೆ ಬರುವುದು ಕಡಲು. ಕ್ಯಾಲೆಂಡರಿನ ಚಿತ್ರ, ಯೋಗ ಶಿಬಿರದ ಬ್ಯಾನರು, ಬೆಳಗಿನ ವಾಟ್ಸಾಪ್ ಸಂದೇಶ, ಎಲ್ಲದರಲ್ಲೂ ಅದೇ ಮರಳು, ಅದೇ ತೆರೆ, ಪದ್ಮಾಸನ ಹಾಕಿ ಕೂತ ಅದೇ ಬೆನ್ನು. ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಕಡೆಯ ಕನ್ನಡ ಮನೆಗಳಿಂದಲೂ ನಾಲ್ಕು ದಿನ ರಜೆ ಸಿಕ್ಕರೆ ಗಣಪತಿಪುಳೆಗೆ ಗಾಡಿ ಹೊರಡುತ್ತದೆ. ಹೋಗಿ ಬರಲಿ, ಒಳ್ಳೆಯದೇ. ಆದರೆ ನೀರು ಮತ್ತು ಮನಸ್ಸಿನ ನಂಟಿನ ಬಗ್ಗೆ ಈ ಸೀಮೆಯಲ್ಲಿ ಓಡಾಡುವ ಕೆಲವು ಮಾತುಗಳನ್ನು ನಿಲ್ಲಿಸಿ ವಿಚಾರಿಸಬೇಕಾಗಿದೆ. ಕೆಲವು ಹೊಸ ಮೌಢ್ಯ, ಕೆಲವು ಹಳೆಯ ಅರ್ಧಸತ್ಯ.

ತಪ್ಪು ಕಲ್ಪನೆ: ನೀರಿನೆದುರು ಧ್ಯಾನ ಮಾಡಲು ಕಡಲೇ ಬೇಕು, ಹೊಳೆ, ಕೆರೆ ಏನಿದ್ದರೂ ಎರಡನೆಯ ದರ್ಜೆ

ಹಿರಿಯರ ಲೆಕ್ಕ ಇದಕ್ಕೆ ಪೂರಾ ಉಲ್ಟಾ. ಧರ್ಮಶಾಸ್ತ್ರದವರು ಸಮುದ್ರಸ್ನಾನವನ್ನು ಅಮಾವಾಸ್ಯೆ, ಹುಣ್ಣಿಮೆ, ಗ್ರಹಣದಂಥ ಪರ್ವಕಾಲಕ್ಕೆ ಮೀಸಲಿಟ್ಟರು. ದಿನದಿನದ ಮೀಹ, ಸಂಧ್ಯೆ, ಜಪಕ್ಕೆ ಹೊಳೆ, ಕೆರೆ, ಬಾವಿಯೇ ಸಾಕು ಅಂದರು. ಸಂಧ್ಯಾವಂದನೆಯ ಆಚಮನಕ್ಕೆ ಅಂಗೈಯಲ್ಲಿ ಎಷ್ಟು ನೀರು ಬೇಕು ಎಂಬುದಕ್ಕೂ ಅಳತೆಯಿದೆ: ಒಂದು ಉದ್ದಿನ ಕಾಳು ಮುಳುಗುವಷ್ಟು. ಕಣ್ಣಳತೆ ಮೀರಿದ ಜಲರಾಶಿಯನ್ನು ಬಯಸುವ ಇವತ್ತಿನ ಧ್ಯಾನಕ್ಕೂ ಒಂದು ಕಾಳಿನಷ್ಟು ನೀರಿನಲ್ಲಿ ಮುಗಿಯುವ ಆ ಶಿಸ್ತಿಗೂ ಬಹಳ ಅಂತರವಿದೆ.

ದಕ್ಷಿಣ ಕಾಶಿ ಎನಿಸಿಕೊಂಡ ಕೊಲ್ಹಾಪುರದ ರಚನೆಯಲ್ಲೇ ಇದು ಕಾಣುತ್ತದೆ. ಅಂಬಾಬಾಯಿ ಗುಡಿಯ ಆವರಣದಲ್ಲಿ ಮಣಿಕರ್ಣಿಕಾ ಕುಂಡ. ಮುಚ್ಚಿ ಮೇಲೆ ತೋಟ ಮಾಡಿದ್ದ ಅದನ್ನು ಈಚಿನ ವರ್ಷಗಳಲ್ಲಿ ಮತ್ತೆ ಅಗೆದು ತೆಗೆದರು. ರಂಕಾಳೆ ಕೆರೆಯ ನೀರಲ್ಲೇ ನಿಂತಿರುವ ಕಲ್ಲಿನ ಸಂಧ್ಯಾಮಠ. ಪಂಚಗಂಗೆಯ ಘಾಟಿನಲ್ಲಿ ಮಳೆಗಾಲ ಬಂತೆಂದರೆ ಮುಳುಗಿ, ನೀರಿಳಿದ ಮೇಲೆ ತಲೆಯೆತ್ತುವ ಗುಡಿಗಳು. ಊರಿನೊಳಗೆ ನಡೆದು ಹೋಗುವ ದೂರದಲ್ಲಿ ಇಷ್ಟೊಂದು ಕೂರುವ ಜಾಗ ಇರುವಾಗ ಕಡಲಿಲ್ಲದ ಕೊರತೆ ಯಾರಿಗಿತ್ತು?

ಇನ್ನೊಂದು ವಿಚಿತ್ರವಿದೆ. ಕಾಸಾರಿ, ಕುಂಭಿ, ತುಳಸಿ, ಭೋಗಾವತಿ, ಜೊತೆಗೆ ಗುಪ್ತಗಾಮಿನಿ ಎಂದು ನಂಬಿದ ಸರಸ್ವತಿ ಸೇರಿ ಪ್ರಯಾಗ ಚಿಖಲಿಯಲ್ಲಿ ಪಂಚಗಂಗೆ ಆಗುತ್ತದೆ. ಈ ಹೊಳೆಗಳು ಇಳಿದು ಬರುವ ಸಹ್ಯಾದ್ರಿಯಿಂದ ಅರಬ್ಬಿ ಸಮುದ್ರ ಹತ್ತಿರ. ಗಡಹಿಂಗ್ಲಜದ ಹಿರಣ್ಯಕೇಶಿಯಂತೂ ಹುಟ್ಟುವುದೇ ಆಂಬೋಲಿಯ ಗುಹೆಯಲ್ಲಿ, ಘಟ್ಟದ ಅಂಚಿನಲ್ಲಿ ನಿಂತರೆ ಕೆಳಗೆ ಕೊಂಕಣ ಕಾಣುವ ಊರು ಅದು. ಆದರೂ ಈ ನೀರು ಹತ್ತಿರದ ಕಡಲಿಗೆ ಬೆನ್ನು ಹಾಕಿ ಪೂರ್ವಕ್ಕೆ ತಿರುಗುತ್ತದೆ. ಪಂಚಗಂಗೆ ಸುಮಾರು 80 ಕಿಲೋಮೀಟರ್ ಹರಿದು ನೃಸಿಂಹವಾಡಿಯಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಹಿರಣ್ಯಕೇಶಿ ಆಜರಾದ ರಾಮತೀರ್ಥದಲ್ಲಿ ಬಂಡೆಯಿಂದ ಬಂಡೆಗೆ ಧುಮುಕಿ, ಗಡಹಿಂಗ್ಲಜ ದಾಟಿ, ಶಂಕರಾಚಾರ್ಯ ಪೀಠದ ಸಂಕೇಶ್ವರಕ್ಕೆ ಬಂದು, ಮುಂದೆ ಘಟಪ್ರಭೆಗೆ ಸೇರುತ್ತದೆ. ಘಟಪ್ರಭೆ ಕೃಷ್ಣೆಯನ್ನು ಮುಟ್ಟುವುದು ಬೀಳಗಿ ತಾಲೂಕಿನ ಚಿಕ್ಕಸಂಗಮದಲ್ಲಿ. ಅಂದರೆ ಕೊಲ್ಹಾಪುರದ ನೀರಿಗೂ ಗಡಹಿಂಗ್ಲಜದ ನೀರಿಗೂ ಭೇಟಿ ಕನ್ನಡದ ನೆಲದಲ್ಲಿ. ಈ ಸೀಮೆಯಲ್ಲಿ ಸಂಗಮಕ್ಕೆ ಇರುವ ಗೌರವ ಸಾಗರಕ್ಕೆ ಬರಲಿಲ್ಲ ಎನ್ನುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ತಪ್ಪು ಕಲ್ಪನೆ: ನೀರಿಗೆ ನೆನಪಿದೆ, ಮಂತ್ರ ಹೇಳಿದರೆ ಅದರ ರಚನೆಯೇ ಬದಲಾಗುತ್ತದೆ ಎಂದು ವಿಜ್ಞಾನ ಒಪ್ಪಿದೆ

ಒಪ್ಪಿಲ್ಲ. ಈ ಮಾತಿನ ಮೂಲ ಜಪಾನಿನ ಮಸಾರು ಎಮೊಟೊ ಪ್ರಕಟಿಸಿದ ಹಿಮದ ಹರಳುಗಳ ಫೋಟೋಗಳು. ಒಳ್ಳೆಯ ಮಾತು ಕೇಳಿದ ನೀರು ಚಂದದ ಹರಳಾಯಿತು, ಬೈಗುಳ ಕೇಳಿದ್ದು ವಿಕಾರವಾಯಿತು ಎಂದು ಆತ ಹೇಳಿದ. ಯಾವ ಫೋಟೋ ಆರಿಸಬೇಕು, ಯಾವುದನ್ನು ಬಿಡಬೇಕು ಎಂಬುದು ತೆಗೆಯುವವರ ಕೈಯಲ್ಲೇ ಇದ್ದುದರಿಂದ ವಿಜ್ಞಾನಿಗಳು ಅದನ್ನು ಸಾಕ್ಷ್ಯವೆಂದು ಎಣಿಸಲಿಲ್ಲ. ದ್ರವರೂಪದ ನೀರಿನಲ್ಲಿ ಅಣುಗಳು ಒಂದನ್ನೊಂದು ಹಿಡಿದುಕೊಳ್ಳುವ ಹೈಡ್ರೋಜನ್ ಬಂಧ ಸೆಕೆಂಡಿನ ಲಕ್ಷ ಕೋಟಿ ಪಾಲಿನಲ್ಲಿ ಒಂದೆರಡು ಪಾಲು ಹೊತ್ತಿನಲ್ಲೇ ಕಳಚಿ ಬೇರೆಡೆ ಸೇರುತ್ತದೆ. ಅಷ್ಟರಲ್ಲಿ ಮಂತ್ರದ ಮೊದಲ ಅಕ್ಷರವೂ ಬಾಯಿಂದ ಹೊರಬಿದ್ದಿರುವುದಿಲ್ಲ. ಮಂತ್ರ ಹೇಳುವವನ ಮನಸ್ಸು ಬದಲಾಗಬಹುದು, ಅದು ಬೇರೆ ಮಾತು. ಅದಕ್ಕೆ ನೀರಿನ ಪ್ರಮಾಣಪತ್ರ ಯಾಕೆ ಬೇಕು?

ತಪ್ಪು ಕಲ್ಪನೆ: ಹರಿಯುವ ನೀರಿಗೆ ಮೈಲಿಗೆಯಿಲ್ಲ, ಹೊಳೆ ತನ್ನನ್ನು ತಾನೇ ತೊಳೆದುಕೊಳ್ಳುತ್ತದೆ

ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡಿದ ಮಾತು ಇದು. ಅದಕ್ಕೆ ಬಲ ಬಂದದ್ದು ಇದರಲ್ಲಿ ಸ್ವಲ್ಪ ನಿಜ ಇರುವುದರಿಂದ. ಬಂಡೆಗೆ ಬಡಿದು, ಸುಳಿ ಎದ್ದು, ನೊರೆಗಟ್ಟಿ ಹರಿಯುವ ನೀರು ಗಾಳಿಯ ಆಮ್ಲಜನಕವನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಆ ಆಮ್ಲಜನಕದ ಬಲದಿಂದ ಸೂಕ್ಷ್ಮಜೀವಿಗಳು ಕೊಳೆಯನ್ನು ಜೀರ್ಣಿಸುತ್ತವೆ. ಆದರೆ ಎರಡು ಷರತ್ತು: ಹೊಳೆ ನಿಜಕ್ಕೂ ಹರಿಯುತ್ತಿರಬೇಕು, ಕೊಳೆ ಅದರ ಜೀರ್ಣಶಕ್ತಿಯ ಮಿತಿಯೊಳಗೆ ಇರಬೇಕು.

ಪಂಚಗಂಗೆಯಲ್ಲಿ ಎರಡೂ ಇಲ್ಲ. ಮಳೆಗಾಲ ಮುಗಿದ ಮೇಲೆ ಬಂಧಾರಗಳಿಗೆ ಹಲಗೆ ಹಾಕಿ ನೀರು ತಡೆಯುತ್ತಾರೆ. ದೇಶದ ತುಂಬ ಕೊಲ್ಹಾಪುರ ಮಾದರಿ ಎಂದು ಹೆಸರಾದ, ಕರ್ನಾಟಕದ ಹಳ್ಳಿಹಳ್ಳಿಯಲ್ಲೂ ಕೆ.ಟಿ. ಬಂಧಾರ ಎನ್ನುವ ಆ ಕಟ್ಟಡದ ತವರು ಇದೇ ಜಿಲ್ಲೆ. ಕಬ್ಬಿಗೆ ಅದು ವರ. ಹೊಳೆಗೆ ಮಾತ್ರ ದೀಪಾವಳಿಯಿಂದ ಮುಂಗಾರಿನವರೆಗೆ ಹರಿವೇ ಇರುವುದಿಲ್ಲ, ಒಂದರ ಹಿಂದೆ ಒಂದು ನಿಂತ ಕೊಳಗಳ ಸಾಲಾಗಿ ಮಲಗಿರುತ್ತದೆ. ಆ ಕೊಳಗಳಿಗೆ ಕೊಲ್ಹಾಪುರದ ಜಯಂತಿ ನಾಲೆಯಂಥ ನಾಲೆಗಳಿಂದ ಊರಿನ ಗಟಾರು, ಇಚಲಕರಂಜಿಯ ಬಟ್ಟೆ ಪ್ರೊಸೆಸಿಂಗ್ ಘಟಕಗಳಿಂದ ಬಣ್ಣದ ನೀರು ಸೇರುತ್ತಾ ಬಂದವು. ಮೇಲೆ ಅಂತರಗಂಗೆ ಹಬ್ಬಿ ನೀರೇ ಕಾಣದ ಹಾಗಾಗುತ್ತದೆ. ಶಿರೋಳ ತಾಲೂಕಿನ ತೇರವಾಡ ಬಂಧಾರದಲ್ಲಿ ಸತ್ತ ಮೀನು ರಾಶಿ ರಾಶಿ ತೇಲಿ, ಜನ ರೊಚ್ಚಿಗೆದ್ದದ್ದು ಒಂದು ಸಲವಲ್ಲ. 2012ರಲ್ಲಿ ಇಚಲಕರಂಜಿಯಲ್ಲಿ ಕಾಮಾಲೆ ಹರಡಿ ಜೀವಗಳೇ ಹೋದವು. ಪಂಚಗಂಗೆಯ ದಂಡೆಯಲ್ಲೇ ಇರುವ ಆ ಊರು ಕುಡಿಯುವ ನೀರಿಗೆ ಕೃಷ್ಣೆಯ ಮಜರೇವಾಡಿಗೆ ಪೈಪು ಹಾಕಿತು, ಸಾಲದೆ ದೂಧಗಂಗೆಯ ಕಡೆ ಕೈಚಾಚಿ ಕಾಗಲದ ರೈತರ ವಿರೋಧವನ್ನೂ ಎದುರಿಸಿತು. ತನ್ನ ಮನೆಮುಂದಿನ ಗಂಗೆಯನ್ನು ಕುಡಿಯಲಾಗದ ಊರಿನಲ್ಲಿ ಗಂಗಾಪೂಜೆ ಮಾತ್ರ ಬಿಡದೆ ನಡೆಯುತ್ತದೆ.

ಗಣಪತಿ ವಿಸರ್ಜನೆಯ ವಾದ ಹುಟ್ಟುವುದೂ ಇದೇ ನಂಬಿಕೆಯಿಂದ: ಹರಿವ ನೀರಲ್ಲಿ ಬಿಡದಿದ್ದರೆ ದೋಷ ಎಂದು. ಪ್ಲಾಸ್ಟರ್ ಆಫ್ ಪ್ಯಾರಿಸ್ ಮಣ್ಣಿನ ಹಾಗೆ ಕರಗುವುದಿಲ್ಲ, ಬಣ್ಣ ಬಿಟ್ಟುಕೊಂಡು ತಳದಲ್ಲಿ ಕೂರುತ್ತದೆ. ಮೂರ್ತಿದಾನದ ಪದ್ಧತಿಯನ್ನು ಕೊಲ್ಹಾಪುರ ಒಗ್ಗಿಸಿಕೊಂಡಿತು, ದೊಡ್ಡ ಮೂರ್ತಿಗಳು ಹಳೆಯ ಕಲ್ಲುಗಣಿಯಾದ ಇರಾಣಿ ಖಣಿಯ ಕಡೆ ತಿರುಗಿದವು. ಇದರಿಂದ ಊರಿನ ಭಕ್ತಿಯೇನೂ ಕಮ್ಮಿಯಾದಂತಿಲ್ಲ, ಢೋಲಿನ ಸದ್ದಂತೂ ಒಂದಿಷ್ಟೂ ಇಳಿದಿಲ್ಲ.

ತಪ್ಪು ಕಲ್ಪನೆ: ಶರಣರು ನೀರಿನ ಪಾವಿತ್ರ್ಯವನ್ನೇ ತಳ್ಳಿಹಾಕಿದರು

ಗಡಹಿಂಗ್ಲಜದಲ್ಲಿ ಲಿಂಗಾಯತ ಮನೆಗಳು ಹೆಚ್ಚು, ಹಾಗಾಗಿ ಈ ಮಾತು ಅಲ್ಲಿ ಎರಡು ಕಡೆಯಿಂದಲೂ ಕೇಳುತ್ತದೆ: ತೀರ್ಥಯಾತ್ರೆಗೆ ಹೊರಟವರನ್ನು ಚುಚ್ಚಲು ಒಬ್ಬರು, ಶರಣರನ್ನು ನಾಸ್ತಿಕರ ಸಾಲಿಗೆ ಸೇರಿಸಲು ಇನ್ನೊಬ್ಬರು. ಹೊಳೆ ಕಂಡಕಂಡಲ್ಲಿ ಮುಳುಗು ಹಾಕಿ ಪಾಪ ಕಳೆಯಿತು ಎನ್ನುವವರನ್ನು ಬಸವಣ್ಣ ಗೇಲಿ ಮಾಡಿದ್ದು ನಿಜ. ಆದರೆ ಅದೇ ಪರಂಪರೆಯ ಅಷ್ಟಾವರಣಗಳಲ್ಲಿ ಪಾದೋದಕವೂ ಒಂದು. ನೀರು ಅಲ್ಲಿ ಹೋಗಿ ಮುಳುಗುವ ಜಾಗದಿಂದ ಎದ್ದು ಬಂದು, ಗುರು ಲಿಂಗ ಜಂಗಮರ ಸಂಬಂಧದಲ್ಲಿ ಅಂಗೈಗೆ ಬೀಳುವ ಹನಿಯಾಯಿತು. ಬಸವಣ್ಣ ಓದಿ ಬೆಳೆದದ್ದು, ಕೊನೆಗೆ ಐಕ್ಯವಾದದ್ದು ಕೃಷ್ಣೆ ಮಲಪ್ರಭೆಯರ ಕೂಡುವಿಕೆಯಲ್ಲಿ, ಅಂಕಿತವೂ ಕೂಡಲಸಂಗಮದೇವ. ಹಿರಣ್ಯಕೇಶಿಯಲ್ಲಿ ಕಾಲು ತೊಳೆದ ನೀರು ಹರಿದು ಹರಿದು ಆ ಸಂಗಮವನ್ನೂ ಹಾದೇ ಹೋಗುತ್ತದೆ.

ತಪ್ಪು ಕಲ್ಪನೆ: ವಾಡಿಯ ಗುಡಿಗೆ ನೀರು ನುಗ್ಗಿತೆಂದರೆ ಅದು ದೇವರ ಮುನಿಸು

ನೃಸಿಂಹವಾಡಿಯಲ್ಲಿ ಭಕ್ತರು ತಿಳಿದಿರುವುದು ಇದಕ್ಕೆ ವಿರುದ್ಧ. ಅಲ್ಲಿ ಪೂಜೆಗೊಳ್ಳುವುದು ಪಾದುಕೆಗಳು, ನೃಸಿಂಹ ಸರಸ್ವತಿಗಳು 12 ವರ್ಷ ನೆಲೆಸಿ ಬಿಟ್ಟುಹೋದವು ಎಂಬ ನಂಬಿಕೆ. ಆ ಗುರು ಮುಂದೆ ಹೋಗಿ ನೆಲೆಸಿದ್ದು ಕಲಬುರಗಿ ಜಿಲ್ಲೆಯ ಗಾಣಗಾಪುರದಲ್ಲಿ, ಭೀಮಾ ಅಮರ್ಜಾ ಸಂಗಮದಲ್ಲಿ. ಒಂದು ಸಂಗಮ ಬಿಟ್ಟು ಇನ್ನೊಂದು ಸಂಗಮಕ್ಕೆ. ಹಾಗಾಗಿಯೇ ವಾಡಿಗೆ ಕರ್ನಾಟಕದ ಬಸ್ಸುಗಳು ತುಂಬಿ ಬರುತ್ತವೆ. (ಬಂದವರು ಬಾಸುಂದಿ ಕುಡಿದು, ಬೇಲದ ಹಣ್ಣಿನ ಬರ್ಫಿ ಕಟ್ಟಿಸಿಕೊಂಡೇ ಹೋಗುತ್ತಾರೆ, ವೈರಾಗ್ಯದ ಕ್ಷೇತ್ರಕ್ಕೆ ಇದೊಂದು ಸಿಹಿ ವಿನಾಯಿತಿ.)

ಮಳೆಗಾಲದಲ್ಲಿ ಕೃಷ್ಣೆ ಏರಿ ಉತ್ತರದ ಬಾಗಿಲಿನಿಂದ ಒಳಬಂದು, ಪಾದುಕೆಗಳ ಮೇಲೆ ಹಾದು ದಕ್ಷಿಣದ ಬಾಗಿಲಿನಿಂದ ಹೊರಗೆ ಹರಿಯುತ್ತಾಳೆ. ಅದೇ ದಕ್ಷಿಣದ್ವಾರ ಸೋಹಳಾ. ಆ ಬಾಗಿಲಲ್ಲಿ ಮೀಯಲು ಜನ ಮುಗಿಬೀಳುತ್ತಾರೆ. ನೀರು ಇನ್ನೂ ಏರಿದರೆ ಉತ್ಸವಮೂರ್ತಿ ಮೇಲಿನ ನಾರಾಯಣಸ್ವಾಮಿ ಮಂದಿರಕ್ಕೆ ಹೋಗುತ್ತದೆ, ಪೂಜೆ ಅಲ್ಲಿ ಸಾಗುತ್ತದೆ. ಊರಿನವರು ಹೊಳೆಯ ಜೊತೆ ಮಾಡಿಕೊಂಡ ಒಪ್ಪಂದ ಇದು, ನನಗಂತೂ ಬಹಳ ವಿವೇಕದ್ದು ಅನಿಸುತ್ತದೆ. ಆದರೆ ಅದನ್ನು ಹಿಗ್ಗಿಸಿ ಮಹಾಪೂರವೆಲ್ಲ ಕೃಪೆ ಅಂದರೆ ಸುಳ್ಳಾಗುತ್ತದೆ. 2019ರ ಆಗಸ್ಟಿನಲ್ಲಿ, ಮತ್ತೆ 2021ರ ಜುಲೈನಲ್ಲಿ ಇದೇ ಶಿರೋಳ ತಾಲೂಕಿನ ಹಳ್ಳಿಗಳು ಮುಳುಗಿ ಜನ ದನಕರು ಕಟ್ಟಿಕೊಂಡು ಊರು ಬಿಟ್ಟರು. ಕೊಲ್ಹಾಪುರದ ರಾಜಾರಾಮ ಬಂಧಾರದಲ್ಲಿ 43 ಅಡಿ ಅಪಾಯದ ಗುರುತು. 2019ರಲ್ಲಿ ನೀರು 55 ಅಡಿ ದಾಟಿತ್ತು.

ಕೆಳಗೆ ಖಿದ್ರಾಪುರದಲ್ಲಿ ಮುನಿದ ದೇವರೊಬ್ಬ ನಿಜಕ್ಕೂ ಇದ್ದಾನೆ, ಕೋಪೇಶ್ವರ. ಕೃಷ್ಣೆಯ ದಂಡೆಯ ಆ ಶಿಲಾಹಾರ ಗುಡಿಯಲ್ಲಿ ಕನ್ನಡ ಶಾಸನಗಳಿವೆ, ನಂದಿ ಮಾತ್ರ ಇಲ್ಲ. ನಂದಿ ಚಿಕ್ಕೋಡಿ ತಾಲೂಕಿನ ಯಡೂರಿನಲ್ಲಿ ಕೂತಿದ್ದಾನೆ ಎನ್ನುತ್ತಾರೆ. ಕೋಪೇಶ್ವರನ ಕೋಪ ಸತಿಯನ್ನು ಕಳೆದುಕೊಂಡದ್ದಕ್ಕೆ, ಹೊಳೆಗೂ ಅದಕ್ಕೂ ಸಂಬಂಧವಿಲ್ಲ. ನೀರೆದುರು ಸುಮ್ಮನೆ ಕೂರಬೇಕು ಅನ್ನುವವರಿಗೆ ನಾನು ಹೇಳುವುದು ಅದೇ ಊರು. ಸ್ವರ್ಗಮಂಟಪದ ದುಂಡನೆಯ ತೆರವಿನಿಂದ ಬೀಳುವ ಬಿಸಿಲು, ಹತ್ತಿರವೇ ಕೃಷ್ಣೆ.

ತಪ್ಪು ಕಲ್ಪನೆ: ಜಲಪಾತದ ಬಳಿಯ ಋಣ ಅಯಾನುಗಳೇ ಮನಸ್ಸಿಗೆ ಶಾಂತಿ ಕೊಡುತ್ತವೆ

ನೀರು ಸಿಡಿಯುವಲ್ಲಿ ಗಾಳಿಗೆ ವಿದ್ಯುದಂಶ ಬರುವುದು ನಿಜ, ಫಿಲಿಪ್ ಲೆನಾರ್ಡ್ 1892ರಲ್ಲೇ ಅದನ್ನು ವಿವರಿಸಿದ. ಅದರಿಂದ ಆತಂಕ ಇಳಿಯುತ್ತದೆ, ನಿದ್ದೆ ಬರುತ್ತದೆ ಎಂಬುದಕ್ಕೆ ಮಾತ್ರ 2013ರಲ್ಲಿ ಹಲವು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಗಟ್ಟಿ ಆಧಾರ ಸಿಗಲಿಲ್ಲ. ರಾಮತೀರ್ಥದಲ್ಲಿ ಹಾಯೆನಿಸುವುದಕ್ಕೆ ಸರಳ ಕಾರಣವಿದೆ: ಒಂದೇ ಸಮನೆ ಬೀಳುವ ನೀರಿನ ಸದ್ದು ಬೇರೆ ಸದ್ದುಗಳನ್ನು ನುಂಗುತ್ತದೆ, ಬೆಚ್ಚಿ ತಿರುಗುವ ಪ್ರಸಂಗ ಬರುವುದಿಲ್ಲ.

ತಪ್ಪು ಕಲ್ಪನೆ: ಭಕ್ತಿಯಿಂದ ಕೂತವರನ್ನು ಹೊಳೆ ಕಾಯುತ್ತದೆ

ಕಾಯುವುದಿಲ್ಲ. ಶಾಹೂ ಮಹಾರಾಜರು ಶುರು ಮಾಡಿಸಿದ ರಾಧಾನಗರಿ ಅಣೆಕಟ್ಟಿನಲ್ಲಿ ಏಳು ಸ್ವಯಂಚಾಲಿತ ಬಾಗಿಲುಗಳಿವೆ. ಜಲಾಶಯ ತುಂಬಿ ಒತ್ತಡ ಹೆಚ್ಚಾದರೆ ಯಾರ ಅಪ್ಪಣೆಗೂ ಕಾಯದೆ ಅವು ತೆರೆದುಕೊಳ್ಳುತ್ತವೆ, ಭೋಗಾವತಿ ಏರಿ ಪಂಚಗಂಗೆಯನ್ನು ಏರಿಸುತ್ತದೆ. ಕೊಲ್ಹಾಪುರದಲ್ಲಿ ಮೋಡ ಹರಿದು ಬಿಸಿಲು ಬಿದ್ದ ದಿನವೂ ಘಾಟಿನ ಮೆಟ್ಟಿಲು ಮುಳುಗಬಹುದು. ಮಳೆಗಾಲದಲ್ಲಿ ದಂಡೆಗೆ ಹೋಗುವವರು ಮೊದಲು ರಾಜಾರಾಮ ಬಂಧಾರದ ಮಟ್ಟ ಎಷ್ಟಿದೆ ಎಂದು ವಿಚಾರಿಸಲಿ. 39 ಅಡಿಗೆ ಎಚ್ಚರಿಕೆ ಕೊಡುತ್ತಾರೆ. ಆ ದಿನ ಜಪ ಮನೆಯ ಜಗಲಿಯಲ್ಲಿ ಆಗಲಿ, ಉದ್ದಿನ ಕಾಳು ಮುಳುಗುವಷ್ಟು ನೀರು ನಲ್ಲಿಯಲ್ಲೂ ಸಿಗುತ್ತದೆ.