ಗೊತ್ತಿರುವ ಕನ್ನಡದಿಂದ ಗೊತ್ತಿಲ್ಲದ ಇಂಗ್ಲಿಷಿಗೆ

ಎಸ್ಸೆಸ್ಸೆಲ್ಸಿಯನ್ನು ಕನ್ನಡ ಮಾಧ್ಯಮದಲ್ಲಿ ಓದಿ ಒಳ್ಳೆಯ ಅಂಕ ಪಡೆದ ಎಷ್ಟೋ ಮಕ್ಕಳು ಪಿಯುಸಿ ವಿಜ್ಞಾನಕ್ಕೆ ಸೇರಿದ ಮೊದಲ ವಾರವೇ ಕಂಗೆಡುತ್ತಾರೆ. ದ್ಯುತಿಸಂಶ್ಲೇಷಣೆ ಅವರಿಗೆ ಚೆನ್ನಾಗಿ ಗೊತ್ತು. ಫೋಟೊಸಿಂಥೆಸಿಸ್ ಎಂದೊಡನೆ ಪೆನ್ನು ನಿಲ್ಲುತ್ತದೆ. ವಿಷಯ ತಿಳಿದಿದ್ದರೂ ಪದ ತಿಳಿಯದೆ ಹಿಂದೆ ಬೀಳುವ ಸಂಕಟ ಇದು. ‘ನನಗೆ ವಿಜ್ಞಾನ ಆಗೋದಿಲ್ಲ’ ಎಂದು ವಿಷಯ ಬದಲಿಸುವವರೂ ಇದ್ದಾರೆ. ಮೃತ್ಯುಂಜಯ ವಿದ್ಯಾಪೀಠದ ಶಿಕ್ಷಣ ಸಂಸ್ಥೆಗಳಿರುವ ಹಂಸಭಾವಿಯಂಥ ಊರಿಗೆ ಸುತ್ತಲಿನ ಹಳ್ಳಿಗಳಿಂದ ಓದಲು ಬರುವ ಮಕ್ಕಳ ಪಾಲಿಗೆ ಇದು ಸಣ್ಣ ಪ್ರಶ್ನೆಯಲ್ಲ.

ಆದರೆ ಈ ಮಕ್ಕಳು ಬರಿಗೈಯಲ್ಲಿ ಬಂದವರಲ್ಲ. ಅವರು ಕಲಿತ ಕನ್ನಡ ಪದಗಳೇ ಇಂಗ್ಲಿಷ್ ಪದಗಳ ಬೀಗದ ಕೈ.

ಪದ ಬಿಡಿಸಿ ನೋಡಿ

ಫೋಟೊ ಎಂದರೆ ಗ್ರೀಕಿನಲ್ಲಿ ಬೆಳಕು, ಸಿಂಥೆಸಿಸ್ ಎಂದರೆ ಕೂಡಿಸುವುದು. ದ್ಯುತಿ ಎಂದರೂ ಬೆಳಕೇ, ಸಂಶ್ಲೇಷಣೆ ಎಂದರೂ ಕೂಡಿಸುವುದೇ. ಸೂಕ್ಷ್ಮದರ್ಶಕಕ್ಕೆ ಮೈಕ್ರೊಸ್ಕೋಪ್, ದೂರದರ್ಶಕಕ್ಕೆ ಟೆಲಿಸ್ಕೋಪ್, ಉಷ್ಣಮಾಪಕಕ್ಕೆ ಥರ್ಮಾಮೀಟರ್. ಎರಡೂ ಕಡೆ ಜೋಡಣೆ ಒಂದೇ. ಮೈಕ್ರೊ ಸಣ್ಣದು, ಟೆಲಿ ದೂರದ್ದು, ಥರ್ಮೊ ಶಾಖದ್ದು ಎಂಬುದನ್ನು ಒಮ್ಮೆ ತಿಳಿದರೆ ಮೈಕ್ರೊಬ್, ಟೆಲಿಗ್ರಾಫ್, ಥರ್ಮಾಸ್ ತಾವಾಗಿಯೇ ಬಿಚ್ಚಿಕೊಳ್ಳುತ್ತವೆ.

ಸೆಂಟ್ರಿಪೆಟಲ್, ಸೆಂಟ್ರಿಫ್ಯೂಗಲ್ ಎಂಬ ಜೋಡಿ ಅನೇಕರನ್ನು ಗೊಂದಲಕ್ಕೆ ಕೆಡವುತ್ತದೆ. ಲ್ಯಾಟಿನ್ನಿನಲ್ಲಿ ಒಂದಕ್ಕೆ ಕೇಂದ್ರವನ್ನು ಅರಸುವುದು, ಇನ್ನೊಂದಕ್ಕೆ ಕೇಂದ್ರದಿಂದ ಓಡುವುದು ಎಂಬ ಅರ್ಥ. ಕೇಂದ್ರಾಭಿಮುಖ, ಕೇಂದ್ರಾಪಗಾಮಿ ಎಂದು ಕಲಿತವರಿಗೆ ಇದು ಹೊಸದಲ್ಲ. ನಮ್ಮ ‘ಕೇಂದ್ರ’ ಸಂಸ್ಕೃತಕ್ಕೆ ಬಂದದ್ದೂ ಗ್ರೀಕಿನಿಂದಲೇ. ಇಂಗ್ಲಿಷಿನ ಸೆಂಟರ್‌ಗೂ ಅದೇ ಮೂಲ.

ವಿಜ್ಞಾನದ ಆಚೆಗೂ ಈ ದಾರಿ ನಡೆಯುತ್ತದೆ. ಸುಗುಣ, ದುರ್ಗುಣ ಬಲ್ಲವರಿಗೆ ಬೆನೆವೊಲೆಂಟ್ ಒಳಿತು ಬಯಸುವವನು, ಮಲೆವೊಲೆಂಟ್ ಕೇಡು ಬಯಸುವವನು ಎಂದರೆ ಸಾಕು.

ಒಂದು ಎಚ್ಚರಿಕೆ ಮಾತ್ರ ಬೇಕು. ಪೆಟ್ರೋಲ್ ಟ್ಯಾಂಕರಿನ ಹಿಂದೆ ‘ಇನ್‌ಫ್ಲೇಮಬಲ್’ ಎಂದು ಬರೆದಿರುತ್ತದೆ. ಇನ್ ಎಂದರೆ ‘ಅಲ್ಲ’ ಎಂದು ತಿಳಿದವನು ಅದು ಬೆಂಕಿ ಹತ್ತದ ವಸ್ತು ಎಂದುಕೊಂಡಾನು! ಬೇಗ ಹೊತ್ತಿಕೊಳ್ಳುವಂಥದ್ದು ಎಂಬುದೇ ಅದರ ಅರ್ಥ. ಬೇರು ಹಿಡಿದು ಊಹಿಸಿದ ಮೇಲೂ ನಿಘಂಟು ತೆರೆಯಲೇಬೇಕು.

ಯಾವ ಪದ ಮೊದಲು?

ದಪ್ಪ ಪುಸ್ತಕದಿಂದ ಅಕಾರಾದಿಯಾಗಿ ಪದ ಉರುಹೊಡೆಯುವುದು ವ್ಯರ್ಥ ಶ್ರಮ. ಏವ್ರಿಲ್ ಕಾಕ್ಸ್‌ಹೆಡ್ ಎಂಬ ವಿದುಷಿ 2000ದಲ್ಲಿ ಪಠ್ಯಗ್ರಂಥಗಳನ್ನು ಜಾಲಾಡಿ 570 ಪದಕುಟುಂಬಗಳ ಪಟ್ಟಿಯೊಂದನ್ನು ಪ್ರಕಟಿಸಿದರು. ಕಾಲೇಜು ಮಟ್ಟದ ಬರವಣಿಗೆಯಲ್ಲಿ ಸುಮಾರು ನೂರಕ್ಕೆ ಹತ್ತು ಪದ ಈ ಪಟ್ಟಿಯವೇ. ಡಿರೈವ್, ಅಸ್ಯೂಮ್, ಅನಲೈಸ್, ಅಪ್ರಾಕ್ಸಿಮೇಟ್ ಇಂಥವು. ಪ್ರಶ್ನೆಪತ್ರಿಕೆಯಲ್ಲಿ ‘ಡಿರೈವ್’ ಎಂದರೆ ಸೂತ್ರ ಬರೆದರೆ ಸಾಲದು, ಹಂತಹಂತವಾಗಿ ಪಡೆದು ತೋರಿಸಬೇಕು. ಇದು ತಿಳಿಯದೆ ಅಂಕ ಕಳೆದುಕೊಳ್ಳುವವರಿಗೆ ಲೆಕ್ಕವಿಲ್ಲ.

ಲಗ್ನಪತ್ರಿಕೆಯ ಉಪಯೋಗ

ಕಲಿತದ್ದು ಮರೆಯುವುದು ಸಹಜ. ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ 1885ರಲ್ಲೇ ಇದನ್ನು ತನ್ನ ಮೇಲೆಯೇ ಪ್ರಯೋಗ ಮಾಡಿ ತೋರಿಸಿದ: ಮರೆವು ಮೊದಲ ದಿನವೇ ಅತಿ ವೇಗ, ಆಮೇಲೆ ನಿಧಾನ. ಆದ್ದರಿಂದ ಒಂದೇ ರಾತ್ರಿ ಐವತ್ತು ಸಲ ಓದುವುದಕ್ಕಿಂತ ದಿನ ಬಿಟ್ಟು ದಿನ ನೆನಪಿಸಿಕೊಳ್ಳುವುದು ಮೇಲು. ಸೆಬಾಸ್ಟಿಯನ್ ಲೈಟ್ನರ್ ಎಂಬಾತ 1970ರ ದಶಕದಲ್ಲಿ ಇದಕ್ಕೊಂದು ಪೆಟ್ಟಿಗೆಯ ಉಪಾಯ ಹೇಳಿದ.

ಹಳೆಯ ಲಗ್ನಪತ್ರಿಕೆಗಳ ಖಾಲಿ ಬದಿಯನ್ನು ಚಿಕ್ಕ ಚೀಟಿಗಳಾಗಿ ಕತ್ತರಿಸಿ, ಎರಡೆರಡನ್ನು ಬೆನ್ನಿಗೆ ಬೆನ್ನು ಅಂಟಿಸಿ. ಒಂದು ಬದಿಗೆ ಇಂಗ್ಲಿಷ್ ಪದ ಮತ್ತು ಒಂದು ವಾಕ್ಯ, ಇನ್ನೊಂದು ಬದಿಗೆ ಕನ್ನಡ ಅರ್ಥ. ಮೂರು ಡಬ್ಬಿ ಇಡಿ. ಮೊದಲನೆಯದನ್ನು ದಿನವೂ, ಎರಡನೆಯದನ್ನು ಮೂರು ದಿನಕ್ಕೊಮ್ಮೆ, ಮೂರನೆಯದನ್ನು ವಾರಕ್ಕೊಮ್ಮೆ ತೆಗೆಯಬೇಕು. ಸರಿ ಹೇಳಿದ ಚೀಟಿ ಮುಂದಿನ ಡಬ್ಬಿಗೆ, ತಪ್ಪಿದ್ದು ಮತ್ತೆ ಮೊದಲನೆಯದಕ್ಕೆ. ದಿನಕ್ಕೆ ಐದೇ ಪದವಾದರೂ ಇನ್ನೂರು ದಿನಕ್ಕೆ ಸಾವಿರ.

ಇಂಗ್ಲಿಷ್ ಬಾರದ ತಂದೆತಾಯಿಯೂ ಇಲ್ಲಿ ಮೇಷ್ಟರಾಗಬಹುದು. ಕನ್ನಡ ಅರ್ಥವನ್ನು ಓದಿ ಕೇಳಿದರಾಯಿತು. ಮಗು ಪದವನ್ನು ಹೇಳಿ, ಚೀಟಿ ತಿರುವಿ ತಾನೇ ತಾಳೆ ನೋಡಿಕೊಳ್ಳುತ್ತದೆ. ಅಡಿಗೆ ಮಾಡುತ್ತಲೂ ನಡೆಯುವ ಪಾಠ ಇದು.

ದಾರಿ ತೋರಿದವರು

ಪರಭಾಷೆಯ ಪದ ಕಲಿಯುವುದು ಎಂಥ ತಪಸ್ಸು ಎಂಬುದಕ್ಕೆ ಕಿಟೆಲ್ ಸಾಕ್ಷಿ. 1853ರಲ್ಲಿ ಜರ್ಮನಿಯಿಂದ ಬಂದ ಈ ಪಾದ್ರಿ ಕನ್ನಡ ಕಲಿತು, ಸುಮಾರು 70,000 ಪದಗಳ ಕನ್ನಡ–ಇಂಗ್ಲಿಷ್ ನಿಘಂಟನ್ನು 1894ರಲ್ಲಿ ಮಂಗಳೂರಿನಿಂದ ಹೊರತಂದರು. ಪದದ ಬಂಧುಬಳಗ, ಬಳಕೆ, ಗಾದೆ ಎಲ್ಲವನ್ನೂ ಜತೆಗೇ ಕೊಟ್ಟರು.

ದೂರ ಹೋಗುವುದೂ ಬೇಡ. 1909ರಲ್ಲಿ ಸವಣೂರಿನಲ್ಲಿ ಹುಟ್ಟಿದ ವಿ. ಕೃ. ಗೋಕಾಕರು ಧಾರವಾಡದಲ್ಲಿ ಓದಿ ಆಕ್ಸ್‌ಫರ್ಡಿಗೆ ಹೋದರು, ಇಂಗ್ಲಿಷ್ ಪ್ರಾಧ್ಯಾಪಕರಾದರು, ಕನ್ನಡದಲ್ಲಿ ಬರೆದು ಜ್ಞಾನಪೀಠ ಪಡೆದರು. ಅದೇ ತಾಲ್ಲೂಕಿನ ಹತ್ತಿಮತ್ತೂರಿನ ಚಂದ್ರಶೇಖರ ಪಾಟೀಲರು ಇಂಗ್ಲಿಷ್ ಕಲಿಸುತ್ತಲೇ ಕನ್ನಡದ ಚಂಪಾ ಆದರು. ಒಂದು ಭಾಷೆ ಕಲಿಯಲು ಇನ್ನೊಂದನ್ನು ಬಿಡಬೇಕಿಲ್ಲ ಎಂಬುದಕ್ಕೆ ಬೇರೆ ಪುರಾವೆ ಬೇಕೆ? ಹಿರೇಕೆರೂರು ಸೀಮೆಯ ಸರ್ವಜ್ಞನಂತೂ ಒಬ್ಬೊಬ್ಬರಿಂದ ಒಂದೊಂದು ಮಾತು ಕಲಿತೇ ದೊಡ್ಡವನಾದೆ ಎಂದು ಹೇಳಿಕೊಂಡವನು. ಅವನ ನೆಲದ ಮಕ್ಕಳಿಗೆ ದಿನಕ್ಕೆ ಐದು ಪದ ಭಾರವಾಗಲಾರದು.