ತಡವಾಗಿ ಬಂದ ತಜ್ಞರ ಅಭಿಪ್ರಾಯ

1963ರ ಜುಲೈಯಲ್ಲಿ ಇಂದು ಛತ್ರಪತಿ ಸಂಭಾಜಿನಗರವೆನಿಸಿರುವ ಔರಂಗಾಬಾದಿನ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯಾದ ಮಹಿಳೆಯೊಬ್ಬರಿಗೆ ಮೂರು ದಿನಗಳ ಬಳಿಕ ಸಂತಾನನಿಯಂತ್ರಣದ ಶಸ್ತ್ರಕ್ರಿಯೆ ನಡೆಯಿತು. ಜ್ವರವೂ ತೀವ್ರ ನೋವೂ ಕಾಣಿಸಿಕೊಂಡವು. ಮರಳಿ ಹೊಟ್ಟೆಯನ್ನು ತೆರೆದಾಗ ಒಳಗೆ ಟವೆಲೊಂದು ಉಳಿದಿತ್ತು. ಅದೇ ತಿಂಗಳು 24ರಂದು ಆಕೆ ತೀರಿಕೊಂಡರು. ಕೆಳಗಿನ ನ್ಯಾಯಾಲಯವು ಕುಟುಂಬಕ್ಕೆ 36,000 ರೂಪಾಯಿಗಳ ಪರಿಹಾರವನ್ನು ವಿಧಿಸಿತು. ಉಚ್ಚ ನ್ಯಾಯಾಲಯವು ಅದನ್ನು ತಳ್ಳಿಹಾಕಿತು. ಸರ್ವೋಚ್ಚ ನ್ಯಾಯಾಲಯವು 1996ರ ಫೆಬ್ರವರಿಯಲ್ಲಿ ಅದನ್ನು ಮರಳಿ ಎತ್ತಿಹಿಡಿಯಿತು. ಸಾವಿಗೂ ಅಂತಿಮ ತೀರ್ಪಿಗೂ ನಡುವೆ ಮೂವತ್ತೆರಡು ವರ್ಷಗಳಿಗೂ ಮಿಗಿಲಾದ ಅಂತರ!

ಹೊಟ್ಟೆಯಲ್ಲಿ ಟವೆಲು ಉಳಿದರೆ ಲೋಪ ತಾನಾಗಿಯೇ ಮಾತಾಡುತ್ತದೆ. ಎಲ್ಲ ಪ್ರಕರಣಗಳಿಗೂ ತಜ್ಞಸಾಕ್ಷಿ ಬೇಕಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2010ರಲ್ಲಿ ಹೇಳಿದೆ. ಆದರೆ ಔಷಧದ ಪ್ರಮಾಣ ಸರಿಯಿತ್ತೇ, ರೋಗವನ್ನು ಗುರುತಿಸುವಲ್ಲಿ ತಡವಾಯಿತೇ ಎಂಬ ಪ್ರಶ್ನೆಗಳಿಗೆ ವೈದ್ಯರೇ ಉತ್ತರಿಸಬೇಕು. ತೊಡಕು ಹುಟ್ಟುವುದು ಇಲ್ಲಿ.

ನಾಶಿಕದಲ್ಲಿರುವ ನಮ್ಮ ನಂಟರೊಬ್ಬರು ಅಲ್ಲಿಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಟ್ಟಿದ್ದಾರೆಂದು ಊಹಿಸೋಣ. ಸಾಕ್ಷ್ಯ ಮುಗಿದು ವಾದದ ದಿನ ಬಂದಿದೆ. ಅಂದು ಎದುರು ಪಕ್ಷದವರು ಹಿರಿಯ ಪ್ರಾಧ್ಯಾಪಕರೊಬ್ಬರ ಎರಡು ಪುಟದ ಅಭಿಪ್ರಾಯವನ್ನು ಮುಂದಿಡುತ್ತಾರೆ. ಅದನ್ನು ಹಾಗೆಯೇ ಸ್ವೀಕರಿಸಿದರೆ ನಂಟರಿಗೆ ಉತ್ತರಿಸುವ ಅವಕಾಶವೇ ಇಲ್ಲ. ಕಣ್ಣುಮುಚ್ಚಿ ತಿರಸ್ಕರಿಸಿದರೆ ಸತ್ಯವೇ ಹೊರಗುಳಿಯಬಹುದು. ಆದುದರಿಂದ ಕೇಳಬೇಕಾದುದು ಇಷ್ಟು: ತಡವೇಕೆ? ಮೊದಲೇ ತರಲು ಸಾಧ್ಯವಿತ್ತೇ? ಎದುರು ಪಕ್ಷಕ್ಕೆ ಅದನ್ನೋದಿ ತಮ್ಮ ತಜ್ಞರನ್ನು ಕಂಡು ಉತ್ತರಿಸಲು ಕಾಲ ಕೊಡಬಹುದೇ? ಆ ಕಾಲಹರಣದ ವೆಚ್ಚವನ್ನು ಯಾರು ಹೊರಬೇಕು? ದೂರುದಾರರೇ ತಡಮಾಡಿದಾಗಲೂ ಪ್ರಶ್ನೆಗಳು ಇವೇ. ರೋಗಿಯ ಮೇಲಣ ಕನಿಕರದಿಂದ ನಾವು ಇದನ್ನು ಮರೆಯುವುದುಂಟು. ಸಿವಿಲ್ ನ್ಯಾಯಾಲಯಗಳಲ್ಲಂತೂ ದಾವೆಯೊಡನೆ ಕೊಡಬೇಕಾದ ದಾಖಲೆಯನ್ನು ಅನಂತರ ಹಾಜರುಪಡಿಸಲು ನ್ಯಾಯಾಲಯದ ಅನುಮತಿ ಬೇಕು.

ಕಾಗದ ಬಂದ ಮಾತ್ರಕ್ಕೆ ಅದು ಸಾಕ್ಷ್ಯವಾಗದು. ಕಾನಪುರದ ಆಸ್ಪತ್ರೆಯೊಂದರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2009ರಲ್ಲಿ ಇದನ್ನು ಸ್ಪಷ್ಟಪಡಿಸಿತು: ತಜ್ಞರು ತಮ್ಮ ನಿರ್ಣಯಕ್ಕೆ ಆಧಾರವಾದ ಅಂಶಗಳನ್ನೂ ಕಾರಣಗಳನ್ನೂ ತೋರಿಸಬೇಕು, ಪಾಟೀಸವಾಲನ್ನೂ ಎದುರಿಸಬೇಕು. ಹೆಸರಿನ ಮುಂದಿನ ಪದವಿಗಳ ಸಾಲು ಕಾರಣಕ್ಕೆ ಬದಲಾಗದು. ಪಾಟೀಸವಾಲಿಗೆಂದು ವೈದ್ಯರು ದಿನಗಟ್ಟಲೆ ಆಸ್ಪತ್ರೆ ಬಿಟ್ಟು ಬರಬೇಕೆಂದೇನೂ ಇಲ್ಲ. 2002ರ ಮುಂಬಯಿ ಪ್ರಕರಣವೊಂದರ ತೀರ್ಪಿನಂತೆ ಪ್ರಮಾಣಪತ್ರದ ಮೂಲಕ ಸಾಕ್ಷ್ಯವನ್ನು ಪಡೆದು, ಲಿಖಿತ ಪ್ರಶ್ನೋತ್ತರಗಳಿಂದಲೋ ವೀಡಿಯೋ ಮೂಲಕವೋ ಪ್ರಶ್ನಿಸಬಹುದು.

ಆದರೆ ತಜ್ಞರನ್ನು ಹುಡುಕಲು ತೊಡಗುವ ಹೊತ್ತಿಗೆ ಕಾಗದಪತ್ರಗಳೇ ಕೈಯಲ್ಲಿರದಿದ್ದರೆ? ತಡದ ಮೂಲ ಬಹುಪಾಲು ಇದೇ ಎಂದು ನನ್ನ ಅನಿಸಿಕೆ. ವೈದ್ಯರ ವೃತ್ತಿನಡತೆಯ 2002ರ ನಿಯಮಗಳಂತೆ, ರೋಗಿ ಅಥವಾ ಆತನ ಅಧಿಕೃತ ಪ್ರತಿನಿಧಿ ಕೇಳಿದ 72 ಗಂಟೆಗಳೊಳಗೆ ದಾಖಲೆಗಳನ್ನು ಕೊಡಬೇಕು. ಒಳರೋಗಿಯ ದಾಖಲೆಗಳನ್ನು ಚಿಕಿತ್ಸೆ ಆರಂಭವಾದಂದಿನಿಂದ ಮೂರು ವರ್ಷ ಕಾಯ್ದಿಡಬೇಕು. ಗ್ರಾಹಕ ದೂರಿಗೆ ಸಾಮಾನ್ಯವಾಗಿ ಎರಡು ವರ್ಷಗಳ ಅವಧಿ. ಆದುದರಿಂದ ದಾಖಲೆಗಳಿಗೆ ಬರಹದಲ್ಲಿ ಅರ್ಜಿ ಕೊಟ್ಟು, ಅದರ ಪ್ರತಿಯ ಮೇಲೆ ಸ್ವೀಕೃತಿಯ ಸಹಿಯನ್ನೂ ತಾರೀಖನ್ನೂ ಪಡೆದಿಟ್ಟುಕೊಳ್ಳಿರಿ. ತಜ್ಞರ ಬಳಿಗೆ ಹೋಗುವಾಗ ಬಿಡುಗಡೆಯ ಸಾರಾಂಶವೊಂದನ್ನೇ ಒಯ್ಯದೆ, ದಾದಿಯರ ಟಿಪ್ಪಣಿಗಳನ್ನೂ ಶಸ್ತ್ರಕ್ರಿಯೆಯ ವಿವರವನ್ನೂ ಸೇರಿಸಿ ಒಯ್ಯಿರಿ.