ಹೆಚ್ಚುವರಿ ಪಟ್ಟಿಯ ಗೋಲ್‌ಕೀಪರ್

ಸರ್ಕಾರಿ ನೇಮಕಾತಿಗೆ ಅರ್ಜಿ ಹಾಕಿದವರಿಗೆ ‘ಹೆಚ್ಚುವರಿ ಪಟ್ಟಿ’ ಅಂದರೇನು ಎಂದು ಬಿಡಿಸಿ ಹೇಳಬೇಕಿಲ್ಲ. ಆಯ್ಕೆಯಾದವರಲ್ಲಿ ಯಾರಾದರೂ ಕೆಲಸಕ್ಕೆ ಸೇರದೇ ಹೋದರೆ ಮಾತ್ರ ನಮ್ಮ ಸರದಿ. ಎರಡು ವರ್ಷದ ಹಿಂದೆ ಅಂಥದ್ದೊಂದು ಪಟ್ಟಿಯಲ್ಲಿ ನನ್ನ ಹೆಸರಿತ್ತು. ‘ಏನಾಯ್ತಪ್ಪ, ಆಯ್ತಾ?’ ಎಂದು ಊರಲ್ಲಿ ಕೇಳಿದವರಿಗೆ ಆಗಿದೆ ಅನ್ನಲೂ ಆಗದು, ಆಗಿಲ್ಲ ಅನ್ನಲೂ ಆಗದು.

ಆ ದಿನಗಳಲ್ಲಿ ರಾತ್ರಿ ರೂಮ್‌ಮೇಟ್ ಜೊತೆ ಮೊಬೈಲ್‌ನಲ್ಲಿ ಇಂಗ್ಲಿಷ್ ಪ್ರೀಮಿಯರ್ ಲೀಗ್ ಪಂದ್ಯ ನೋಡುವುದು ಅಭ್ಯಾಸವಾಗಿತ್ತು. ವೆಸ್ಟ್ ಹ್ಯಾಮ್ ತಂಡದ ಬೆಂಚಿನಲ್ಲಿ 38 ವರ್ಷದ ಗೋಲ್‌ಕೀಪರ್ ಒಬ್ಬರು ಸುಮ್ಮನೆ ಕೂತಿರುತ್ತಿದ್ದರು. ‘ಈ ವಯಸ್ಸಿನಲ್ಲೂ ಬೆಂಚು ಕಾಯ್ತಾ ಕೂತಿದ್ದಾರಲ್ಲ, ಪಾಪ’ ಅಂದೆ. ಫುಟ್‌ಬಾಲ್ ಹುಚ್ಚಿನ ರೂಮ್‌ಮೇಟ್ ನಕ್ಕ. ‘ಅವರ ಕಥೆ ಗೊತ್ತಿದ್ರೆ ಪಾಪ ಅನ್ನಲ್ಲ ನೀನು’ ಅಂದ. ಹೀಗೆ ಪರಿಚಯವಾದವರು ಪೋಲೆಂಡಿನ ಲುಕಾಷ್ ಫಾಬಿಯಾನ್‌ಸ್ಕಿ.

ಒಂದೇ ಹುದ್ದೆ

ಫುಟ್‌ಬಾಲ್ ತಂಡದಲ್ಲಿ ಹನ್ನೊಂದು ಜನ. ಅವರಲ್ಲಿ ಹತ್ತು ಜನರ ಪೈಕಿ ಯಾರು ದಣಿದರೂ ಬದಲಿ ಆಟಗಾರ ಇಳಿಯುತ್ತಾನೆ. ಗೋಲ್‌ಕೀಪರ್ ಹಾಗಲ್ಲ. ಇರುವುದೇ ಒಂದು ಹುದ್ದೆ, ಅಲ್ಲಿದ್ದವರು ಅಷ್ಟು ಬೇಗ ದಣಿಯುವುದೂ ಇಲ್ಲ. ಅವರಿಗೆ ಗಾಯವಾಗಬೇಕು, ರೆಡ್ ಕಾರ್ಡ್ ಸಿಗಬೇಕು ಅಥವಾ ಕೋಚ್‌ಗೆ ಅವರ ಮೇಲಿನ ನಂಬಿಕೆ ಹೋಗಬೇಕು. ಆಗಷ್ಟೇ ಎರಡನೆಯವರಿಗೆ ಅವಕಾಶ. ಹೆಚ್ಚುವರಿ ಪಟ್ಟಿಯ ನಿಯಮವೇ ಇದು.

ಫಾಬಿಯಾನ್‌ಸ್ಕಿ ಹುಟ್ಟಿದ್ದು 1985ರ ಏಪ್ರಿಲ್ 18ರಂದು, ಜರ್ಮನಿಯ ಗಡಿಗೆ ತಾಗಿಕೊಂಡಂತೆ ಓಡರ್ ನದಿಯ ದಡದಲ್ಲಿರುವ ಕೊಸ್ಟ್ರಿನ್ ಎಂಬ ಊರಿನಲ್ಲಿ. ಇಪ್ಪತ್ತರ ಹರೆಯದಲ್ಲಿ ರಾಜಧಾನಿ ವಾರ್ಸಾದ ಲೆಗಿಯಾ ಕ್ಲಬ್ ಸೇರಿದರು. ಅಲ್ಲಿ ಮೊದಲ ಗೋಲ್‌ಕೀಪರ್ ಆಗಿದ್ದ ಆರ್ತುರ್ ಬೊರುತ್ಸ್ 2005ರಲ್ಲಿ ಸ್ಕಾಟ್ಲೆಂಡಿನ ಸೆಲ್ಟಿಕ್‌ಗೆ ಹೋದಾಗ ಜಾಗ ಖಾಲಿಯಾಯಿತು. ಫಾಬಿಯಾನ್‌ಸ್ಕಿ ಅದನ್ನು ತುಂಬಿದರು, 2006ರಲ್ಲಿ ಲೆಗಿಯಾ ಪೋಲೆಂಡಿನ ಲೀಗ್ ಗೆದ್ದಿತು. ಅದೇ ವರ್ಷ ವಿಶ್ವಕಪ್ ತಂಡದಲ್ಲೂ ಹೆಸರು ಬಂತು. ಆದರೆ ಅಲ್ಲಿ ಬೊರುತ್ಸ್ ಇದ್ದರು, ಇವರು ಆಡಲಿಲ್ಲ. 2007ರಲ್ಲಿ ಲಂಡನ್ನಿನ ಆರ್ಸೆನಲ್ ಕರೆಯಿತು. ಯಾರು ತಾನೇ ಬೇಡವೆನ್ನುತ್ತಾರೆ?

ಬೆಂಚಿನಲ್ಲಿ ಕೂತವರ ತಪ್ಪು

ಆರ್ಸೆನಲ್‌ನಲ್ಲಿ ಯೆನ್ಸ್ ಲೆಹ್ಮನ್ ಮತ್ತು ಮಾನುಯೆಲ್ ಅಲ್ಮುನಿಯಾ ಆಗಲೇ ಇದ್ದರು. ಇವರಿಗೆ ಸಿಕ್ಕಿದ್ದು ಅಲ್ಲೊಂದು ಇಲ್ಲೊಂದು ಪಂದ್ಯ. 2009ರ ಏಪ್ರಿಲ್ 18, ಅವರ 24ನೇ ಹುಟ್ಟುಹಬ್ಬ. ವೆಂಬ್ಲಿ ಕ್ರೀಡಾಂಗಣದಲ್ಲಿ ಚೆಲ್ಸಿ ವಿರುದ್ಧ ಎಫ್‌ಎ ಕಪ್ ಸೆಮಿಫೈನಲ್. ಮೊದಲ ಗೋಲು ಆರ್ಸೆನಲ್‌ನದೇ. ಆಮೇಲೆ ಚೆಲ್ಸಿ ಸಮ ಮಾಡಿತು. ಕೊನೆಯ ಹತ್ತು ನಿಮಿಷದಲ್ಲಿ ಫಾಬಿಯಾನ್‌ಸ್ಕಿ ಗೋಲು ಬಿಟ್ಟು ಮುಂದೆ ಓಡಿಬಂದರು. ಡಿಡಿಯೆ ದ್ರೊಗ್ಬಾ ಅವರನ್ನು ದಾಟಿ ಚೆಂಡನ್ನು ಖಾಲಿ ಗೋಲಿಗೆ ತಳ್ಳಿದರು. ಆರ್ಸೆನಲ್ 1–2ರಿಂದ ಸೋತಿತು.

ಮುಂದಿನ ಫೆಬ್ರುವರಿಯಲ್ಲಿ ಇನ್ನೂ ಕೆಟ್ಟದ್ದು ಕಾದಿತ್ತು. ಚಾಂಪಿಯನ್ಸ್ ಲೀಗ್‌ನಲ್ಲಿ ಪೋರ್ಟೊ ವಿರುದ್ಧ, ಪಕ್ಕದಿಂದ ಬಂದ ಸುಲಭದ ಚೆಂಡೊಂದು ಕೈತಪ್ಪಿ ಗೋಲಿನೊಳಕ್ಕೆ ಹೋಯಿತು. ದ್ವಿತೀಯಾರ್ಧದಲ್ಲಿ ತಮ್ಮದೇ ತಂಡದವರು ಹಿಂದಕ್ಕೆ ತಳ್ಳಿದ ಚೆಂಡನ್ನು ಕೈಯಲ್ಲಿ ಎತ್ತಿಕೊಂಡರು. ಅದು ನಿಯಮಬಾಹಿರ. ಆರ್ಸೆನಲ್ ಆಟಗಾರರು ಸಾವರಿಸಿಕೊಳ್ಳುವ ಮೊದಲೇ ಪೋರ್ಟೊ ಫ್ರೀಕಿಕ್ ತೆಗೆದುಕೊಂಡು ಗೋಲು ಹೊಡೆಯಿತು. ಆಗ ಇಂಗ್ಲೆಂಡಿನಲ್ಲಿ ಅವರ ಹೆಸರನ್ನೇ ತಿರುಚಿ ‘ಫ್ಲ್ಯಾಪಿಹ್ಯಾಂಡ್‌ಸ್ಕಿ’ ಎಂದು ಕರೆಯತೊಡಗಿದರು. ಕೈ ನಿಲ್ಲದವನು, ಕೈಯಲ್ಲಿ ಚೆಂಡು ನಿಲ್ಲದವನು ಎಂಬ ಗೇಲಿ.

ಈ ಭಾಗ ಓದುವಾಗ ನನಗೆ ಹೊಳೆದದ್ದು ಒಂದು. ಮೊದಲ ಗೋಲ್‌ಕೀಪರ್ ಕೂಡ ತಪ್ಪು ಮಾಡುತ್ತಾರೆ. ಆದರೆ ಅವರಿಗೆ ಮುಂದಿನ ಶನಿವಾರ ಇನ್ನೊಂದು ಪಂದ್ಯ ಇರುತ್ತದೆ, ಅಲ್ಲಿ ನಾಲ್ಕು ಚೆಂಡು ತಡೆದರೆ ಜನ ಮರೆಯುತ್ತಾರೆ. ಬೆಂಚಿನಲ್ಲಿ ಕೂತವರಿಗೆ ಆ ಶನಿವಾರ ಇಲ್ಲ. ತಿಂಗಳುಗಟ್ಟಲೆ ಆಡದೆ ನೇರವಾಗಿ ದೊಡ್ಡ ಪಂದ್ಯಕ್ಕೆ ಇಳಿಯಬೇಕು, ಅಲ್ಲಿ ತಪ್ಪಿದರೆ ಮತ್ತೆ ಬೆಂಚು. ಅವರ ಹೆಸರಿನ ಮುಂದೆ ಆ ತಪ್ಪೇ ಉಳಿದುಬಿಡುತ್ತದೆ. ವರ್ಷಗಳಿಗೊಮ್ಮೆ ಬರುವ ಅಧಿಸೂಚನೆಗೆ ಕಾದು ಪರೀಕ್ಷೆ ಬರೆಯುವವರಿಗೆ ಇದು ಅರ್ಥವಾಗುತ್ತದೆ. ಆ ಒಂದು ಭಾನುವಾರ ತಲೆನೋವು ಬಂದರೂ ಮುಗಿಯಿತು.

2010ರ ಸೆಪ್ಟೆಂಬರ್‌ನಲ್ಲಿ ಅಲ್ಮುನಿಯಾ ಗಾಯಗೊಂಡರು. ಸತತವಾಗಿ ಪಂದ್ಯ ಸಿಕ್ಕ ಕೂಡಲೇ ಫಾಬಿಯಾನ್‌ಸ್ಕಿ ಬೇರೆಯೇ ಆಟಗಾರನಂತೆ ಕಂಡರು. ಬೆಲ್‌ಗ್ರೇಡ್‌ನಲ್ಲಿ ಪಾರ್ಟಿಜಾನ್ ವಿರುದ್ಧ ಪೆನಾಲ್ಟಿ ತಡೆದರು, ಮ್ಯಾಂಚೆಸ್ಟರ್ ಸಿಟಿಯ ಮೈದಾನದಲ್ಲಿ 3–0 ಗೆಲುವಿಗೆ ಗೋಡೆಯಂತೆ ನಿಂತರು. ಅಷ್ಟರಲ್ಲಿ 2011ರ ಜನವರಿಯಲ್ಲಿ ಭುಜಕ್ಕೆ ಪೆಟ್ಟಾಯಿತು, ಶಸ್ತ್ರಚಿಕಿತ್ಸೆ ಬೇಕಾಯಿತು. ಆ ಜಾಗಕ್ಕೆ ಬಂದ ಹುಡುಗ ವೊಯ್‌ಚೆಕ್ ಶೆಸ್ನಿ. ಅವರೂ ಪೋಲೆಂಡಿನವರೇ, ಲೆಗಿಯಾದಿಂದಲೇ ಬಂದವರು. ಹುಟ್ಟಿದ್ದೂ ಏಪ್ರಿಲ್ 18ರಂದೇ, ಸರಿಯಾಗಿ ಐದು ವರ್ಷ ತಡವಾಗಿ. ಸರದಿಯಲ್ಲಿ ಹಿಂದೆ ನಿಂತಿದ್ದವರು ಮುಂದೆ ಹೋದರು.

2012ರಲ್ಲಿ ಯೂರೊ ಕಪ್ ಪೋಲೆಂಡಿನ ನೆಲದಲ್ಲೇ ನಡೆಯಿತು. ಟೂರ್ನಿಗೆ ಮೊದಲು ಮತ್ತೆ ಭುಜ ಕೈಕೊಟ್ಟು ಫಾಬಿಯಾನ್‌ಸ್ಕಿ ತಂಡದಿಂದ ಹೊರಬಿದ್ದರು. ಉದ್ಘಾಟನಾ ಪಂದ್ಯದಲ್ಲಿ ಗ್ರೀಸ್ ವಿರುದ್ಧ ಶೆಸ್ನಿಗೆ ರೆಡ್ ಕಾರ್ಡ್ ಸಿಕ್ಕಿತು. ಬದಲಿಗೆ ಇಳಿದ ಶೆಮಿಸ್ವಾವ್ ತಿತೊನ್ ಮೊದಲ ಕೆಲಸವಾಗಿ ಪೆನಾಲ್ಟಿಯನ್ನೇ ತಡೆದು ದೇಶದ ಹೀರೊ ಆದರು. ಐದು ವರ್ಷ ಕಾದ ಬಾಗಿಲು ತೆರೆದ ದಿನ ಫಾಬಿಯಾನ್‌ಸ್ಕಿ ಅಲ್ಲಿರಲಿಲ್ಲ.

ಗೆದ್ದ ಮೇಲೆ ಹೊರಟರು

ಕಾಯುವವರು ಸುಮ್ಮನೆ ಕೂರುವವರಲ್ಲ ಎಂಬುದು 2013ರ ಮಾರ್ಚ್‌ನಲ್ಲಿ ಕಂಡಿತು. ಒಂದು ವರ್ಷಕ್ಕೂ ಹೆಚ್ಚು ಕಾಲ ಆರಂಭಿಕ ಹನ್ನೊಂದರಲ್ಲಿ ಇಲ್ಲದಿದ್ದ ಅವರನ್ನು ಕೋಚ್ ಆರ್ಸೆನ್ ವೆಂಗರ್ ನೇರವಾಗಿ ಮ್ಯೂನಿಕ್‌ನಲ್ಲಿ ಬಯರ್ನ್ ವಿರುದ್ಧ ಇಳಿಸಿದರು. ಆರ್ಸೆನಲ್ 2–0ಯಿಂದ ಗೆದ್ದಿತು. ಮರುವರ್ಷ ಅದೇ ಮೈದಾನದಲ್ಲಿ ತೋಮಸ್ ಮ್ಯೂಲರ್ ಅವರ ಪೆನಾಲ್ಟಿ ತಡೆದರು. ಎರಡು ಸಲವೂ ಮೊದಲ ಲೆಗ್‌ನ ಸೋಲಿನಿಂದಾಗಿ ತಂಡ ಟೂರ್ನಿಯಿಂದ ಹೊರಬಿತ್ತು, ಅದು ಬೇರೆ ಮಾತು.

2013–14ರಲ್ಲಿ ಲೀಗ್ ಪಂದ್ಯಗಳು ಶೆಸ್ನಿಗೆ, ಎಫ್‌ಎ ಕಪ್ ಫಾಬಿಯಾನ್‌ಸ್ಕಿಗೆ ಎಂದಾಯಿತು. ಸೆಮಿಫೈನಲ್ ಮತ್ತೆ ವೆಂಬ್ಲಿಯಲ್ಲಿ. ಪಂದ್ಯ ಪೆನಾಲ್ಟಿ ಶೂಟೌಟ್‌ಗೆ ಹೋಯಿತು. ವಿಗನ್ ತಂಡದ ಮೊದಲ ಎರಡು ಒದೆತಗಳನ್ನೂ ಅವರು ತಡೆದರು. ಐದು ವರ್ಷದ ಹಿಂದೆ ಹುಟ್ಟುಹಬ್ಬದ ದಿನ ತಲೆತಗ್ಗಿಸಿ ಹೊರನಡೆದಿದ್ದ ಅದೇ ಮೈದಾನ. ಮೇ 17ರ ಫೈನಲ್‌ನಲ್ಲಿ ಹಲ್ ಸಿಟಿ ಎಂಟು ನಿಮಿಷದೊಳಗೆ ಎರಡು ಗೋಲು ಹೊಡೆಯಿತು. ಆರ್ಸೆನಲ್ ಚೇತರಿಸಿಕೊಂಡು ಹೆಚ್ಚುವರಿ ಸಮಯದಲ್ಲಿ 3–2ರಿಂದ ಗೆದ್ದಿತು. ಕೊನೆಕೊನೆಗೆ ಫಾಬಿಯಾನ್‌ಸ್ಕಿ ಮತ್ತೆ ಗೋಲು ಬಿಟ್ಟು ಬಹುದೂರ ಓಡಿಬಂದು ಎದುರಾಳಿಗೆ ದಾರಿ ಬಿಟ್ಟುಕೊಟ್ಟರು. ಆದರೆ ಈ ಸಲ ಚೆಂಡು ಖಾಲಿ ಗೋಲಿನ ಪಕ್ಕದಿಂದ ಹೊರಹೋಯಿತು. ಅದೃಷ್ಟವೂ ಬೇಕು, ಅದನ್ನು ಮುಚ್ಚಿಡಬೇಕಿಲ್ಲ. ಒಂಬತ್ತು ವರ್ಷಗಳ ನಂತರ ಆರ್ಸೆನಲ್‌ಗೆ ಸಿಕ್ಕ ಮೊದಲ ಕಪ್ ಅದು.

ಕಪ್ ಗೆದ್ದಿದ್ದರು, ಒಪ್ಪಂದ ಮುಗಿಯುತ್ತಿತ್ತು, ವಯಸ್ಸು 29. ದೊಡ್ಡ ಕ್ಲಬ್, ದೊಡ್ಡ ಹೆಸರು. ಇನ್ನೂ ಮೂರ್ನಾಲ್ಕು ವರ್ಷ ‘ಆರ್ಸೆನಲ್ ಆಟಗಾರ’ ಅನ್ನಿಸಿಕೊಂಡು ಇರಲು ಅಡ್ಡಿಯೇನೂ ಇರಲಿಲ್ಲ. ಅವರು ಹೊರಟರು. ಸೇರಿದ್ದು ಸ್ವಾನ್ಸಿ ಸಿಟಿಯನ್ನು. ವೇಲ್ಸ್‌ನ ಕಡಲ ದಂಡೆಯ ಊರಿನ, ಪ್ರೀಮಿಯರ್ ಲೀಗ್‌ನಲ್ಲಿ ಆಡುತ್ತಿದ್ದ ಚಿಕ್ಕ ಕ್ಲಬ್ ಅದು.

32 ಮತ್ತು 149

ಆರ್ಸೆನಲ್‌ನ ಏಳು ಋತುಗಳಲ್ಲಿ ಒಟ್ಟು 266 ಲೀಗ್ ಪಂದ್ಯ ನಡೆದಿದ್ದವು. ಫಾಬಿಯಾನ್‌ಸ್ಕಿ ಆಡಿದ್ದು 32. ಸ್ವಾನ್ಸಿಯ ನಾಲ್ಕು ಋತುಗಳಲ್ಲಿ 152 ಲೀಗ್ ಪಂದ್ಯ. ಆಡಿದ್ದು 149.

ಅದೇ ಮನುಷ್ಯ, ಅದೇ ಕೈ. ಮೊದಲ ಪಂದ್ಯದಲ್ಲೇ ಸ್ವಾನ್ಸಿ ಮ್ಯಾಂಚೆಸ್ಟರ್ ಯುನೈಟೆಡ್ ತಂಡವನ್ನು ಅವರ ತವರಲ್ಲೇ 2–1ರಿಂದ ಸೋಲಿಸಿತು. ಆ ಋತುವಿನಲ್ಲಿ ಎಂಟನೇ ಸ್ಥಾನ ಪಡೆಯಿತು. 2015ರ ಮೇ ತಿಂಗಳಲ್ಲಿ ಲಂಡನ್ನಿಗೆ ಬಂದು ಆರ್ಸೆನಲ್ ಅನ್ನು ಅದರ ಅಂಗಳದಲ್ಲೇ 1–0ಯಿಂದ ಸೋಲಿಸಿದಾಗ ಚೆಂಡು ಮೇಲೆ ಚೆಂಡು ತಡೆದು ನಿಂತವರು ಇವರೇ. ಗೇಲಿಯ ಹೆಸರು ಕ್ರಮೇಣ ಕೇಳಿಸದಾಯಿತು. ವಾದ ಮಾಡಿ ಅದನ್ನು ಅಳಿಸಿದ್ದಲ್ಲ, ಪ್ರತಿ ವಾರ ಆಡಿ ಅಳಿಸಿದ್ದು.

2016ರ ಯೂರೊ ಕಪ್‌ನಲ್ಲಿ ಶೆಸ್ನಿ ಮೊದಲ ಪಂದ್ಯದಲ್ಲೇ ಗಾಯಗೊಂಡರು. ಈ ಸಲ ಫಾಬಿಯಾನ್‌ಸ್ಕಿ ಅಲ್ಲಿದ್ದರು, ಎರಡು ಋತು ಪೂರ್ತಿ ಆಡಿದ ಕೈಗಳೊಂದಿಗೆ. ಜರ್ಮನಿಗೂ ಉಕ್ರೇನ್‌ಗೂ ಗೋಲು ಬಿಟ್ಟುಕೊಡಲಿಲ್ಲ. ಸ್ವಿಟ್ಜರ್ಲೆಂಡ್ ವಿರುದ್ಧ ಶೂಟೌಟ್‌ನಲ್ಲಿ ಗೆದ್ದು ಪೋಲೆಂಡ್ ಕ್ವಾರ್ಟರ್ ಫೈನಲ್ ತಲುಪಿತು. ಅಲ್ಲಿ ಪೋರ್ಚುಗಲ್ ವಿರುದ್ಧ ಶೂಟೌಟ್‌ನಲ್ಲೇ ಸೋತಿತು. ಆ ಪೋರ್ಚುಗಲ್ ಕಪ್ಪನ್ನೇ ಗೆದ್ದಿತು.

ಸ್ವಾನ್ಸಿಯ ಕಥೆಯೂ ಸುಖಾಂತವಲ್ಲ. 2017–18ರಲ್ಲಿ ಅವರು ಒಂದೂ ಲೀಗ್ ಪಂದ್ಯ ತಪ್ಪಿಸದೆ ಆಡಿದರೂ ತಂಡ ಕೆಳಗಿನ ದರ್ಜೆಗೆ ಜಾರಿತು. ಆದರೆ ಅವರ ಆಟ ಎಲ್ಲರ ಕಣ್ಣಿಗೆ ಬಿದ್ದಿತ್ತು. ವೆಸ್ಟ್ ಹ್ಯಾಮ್ 70 ಲಕ್ಷ ಪೌಂಡ್ ಕೊಟ್ಟು ಕರೆದುಕೊಂಡಿತು. ಮೊದಲ ಋತುವಿನಲ್ಲೇ ಅಭಿಮಾನಿಗಳು ಅವರನ್ನು ವರ್ಷದ ಆಟಗಾರನೆಂದು ಆರಿಸಿದರು. ಏಳು ವರ್ಷ ಎರಡನೆಯವನಾಗಿದ್ದ ವ್ಯಕ್ತಿ 34ರ ವಯಸ್ಸಿನಲ್ಲಿ ಒಂದು ಲಂಡನ್ ಕ್ಲಬ್‌ನ ಮೆಚ್ಚಿನ ಆಟಗಾರನಾದರು.

ಮತ್ತೆ ಅದೇ ಬೆಂಚು

2022–23ರಲ್ಲಿ ವೆಸ್ಟ್ ಹ್ಯಾಮ್ ಕೆಲಸ ಹಂಚಿತು. ಲೀಗ್‌ನಲ್ಲಿ ಫಾಬಿಯಾನ್‌ಸ್ಕಿ, ಯುರೋಪಿನ ಕಾನ್ಫರೆನ್ಸ್ ಲೀಗ್‌ನಲ್ಲಿ ಫ್ರಾನ್ಸಿನ ಅಲ್ಫೋನ್ಸ್ ಅರಿಯೊಲಾ. 2023ರ ಜೂನ್‌ನಲ್ಲಿ ಪ್ರಾಗ್‌ನ ಫೈನಲ್‌ನಲ್ಲಿ ವೆಸ್ಟ್ ಹ್ಯಾಮ್ ಫಿಯೊರೆಂಟೀನಾವನ್ನು 2–1ರಿಂದ ಸೋಲಿಸಿದಾಗ ಇವರು ಬೆಂಚಿನಲ್ಲಿದ್ದರು. ಮುಂದಿನ ಋತುವಿನಿಂದ ಲೀಗ್‌ನಲ್ಲೂ ಅರಿಯೊಲಾ ಮೊದಲಿಗರು. ನಾನು ಮೊಬೈಲ್‌ನಲ್ಲಿ ನೋಡಿ ‘ಪಾಪ’ ಅಂದದ್ದು ಆಗಲೇ.

ಬೆಂಚು ಅದೇ. ಕೂತವರು ಮಾತ್ರ ಬೇರೆ. 24ರಲ್ಲಿ ಕೂತಿದ್ದವರಿಗೆ ತಾನು ಆಡಬಲ್ಲೆನೋ ಇಲ್ಲವೋ ಎಂಬುದು ಇನ್ನೂ ಗೊತ್ತಿರಲಿಲ್ಲ. 38ರಲ್ಲಿ ಕೂತವರು ಆಡಿ ಮುಗಿಸಿ ಬಂದವರು, ಕರೆದರೆ ಈಗಲೂ ಎದ್ದು ಹೋಗಬಲ್ಲವರು. 2021ರ ಅಕ್ಟೋಬರ್‌ನಲ್ಲಿ ವಾರ್ಸಾದಲ್ಲಿ ಅವರು ದೇಶಕ್ಕಾಗಿ ಆಡಿದ ಕೊನೆಯ ಪಂದ್ಯ, ಅವರ 57ನೆಯದು. 57ನೇ ನಿಮಿಷಕ್ಕೆ ಅವರನ್ನು ಹೊರಕರೆದರು. ಆಟಗಾರರು ಎರಡೂ ಕಡೆ ಸಾಲಾಗಿ ನಿಂತು ಬೀಳ್ಕೊಟ್ಟರು. ಶೆಸ್ನಿಯ ನೆರಳಲ್ಲೇ ಬಹುಕಾಲ ಇದ್ದವರಿಗೆ ಸಿಕ್ಕ ಗೌರವ ಅದು.

ನಮ್ಮ ಪಾಲಿನ ಲೆಕ್ಕ

ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಅವರು ಕಾದದ್ದು ದೊಡ್ಡ ಸಂಬಳದ ಮೇಲೆ. ನಾವು ಕಾಯುವುದು ಅಪ್ಪ–ಅಮ್ಮ ಕಳಿಸುವ ರೂಮ್ ಬಾಡಿಗೆಯ ಮೇಲೆ. ಅವರು ಪ್ರತಿದಿನ ಜಗತ್ತಿನ ಒಳ್ಳೊಳ್ಳೆಯ ಆಟಗಾರರ ಒದೆತಕ್ಕೆ ಅಭ್ಯಾಸ ಮಾಡಿದರು. ನಾವು ಓದಿದ್ದನ್ನೇ ಓದುತ್ತೇವೆ. ಆದ್ದರಿಂದ ‘ಫಾಬಿಯಾನ್‌ಸ್ಕಿ ಏಳು ವರ್ಷ ಕಾದರು, ನೀವೂ ಕಾಯಿರಿ’ ಎಂದು ನಾನು ಯಾರಿಗೂ ಹೇಳಲಾರೆ. ಅವರ ಕಥೆ ಹೇಳುವುದೂ ಅದನ್ನಲ್ಲ. ಕಾದದ್ದರಿಂದ ಅವರಿಗೆ ಒಂದು ಕಪ್ ಸಿಕ್ಕಿತು, ನಿಜ. ಆದರೆ ಅವರು ಏನೆಂದು ಲೋಕಕ್ಕೆ ತಿಳಿದದ್ದು ಹೊರಟ ಮೇಲೆ. ಕಾಯುವುದಕ್ಕೂ ಒಂದು ಕೊನೆಯ ದಿನಾಂಕ ಇರಬೇಕು, ಅದನ್ನು ನಾವೇ ಹಾಕಿಕೊಳ್ಳಬೇಕು.

ಹೆಚ್ಚುವರಿ ಪಟ್ಟಿಯಿಂದ ನನಗೆ ಕರೆ ಬರಲಿಲ್ಲ. ಕಳೆದ ಜೂನ್‌ನಲ್ಲಿ ನಮ್ಮ ತಾಲ್ಲೂಕಿನ ಒಂದು ಚಿಕ್ಕ ಶಾಲೆಯಲ್ಲಿ ಗಣಿತ ಕಲಿಸಲು ಸೇರಿಕೊಂಡೆ. ‘ಇಷ್ಟು ಓದಿ ಇದಕ್ಕಾ?’ ಎಂದರು ಕೆಲವರು. ಪರೀಕ್ಷೆ ಬಿಟ್ಟಿಲ್ಲ. ಬೆಳಿಗ್ಗೆ ಎರಡು ಗಂಟೆ, ರಾತ್ರಿ ಎರಡು ಗಂಟೆ ಓದುತ್ತೇನೆ. ಇನ್ನೆರಡು ಪ್ರಯತ್ನ, ಆಮೇಲೆ ಇಲ್ಲ ಎಂದು ಮನೆಯಲ್ಲೂ ಹೇಳಿದ್ದೇನೆ.

ಸೇರಿದ ಮೊದಲ ವಾರ ಎಂಟನೇ ತರಗತಿಯಲ್ಲಿ ಬೋರ್ಡಿನ ಮೇಲೆ ಲೆಕ್ಕವೊಂದನ್ನು ತಪ್ಪು ಮಾಡಿದೆ. ಕೊನೇ ಬೆಂಚಿನ ಹುಡುಗಿ ಎದ್ದು ನಿಂತು ತೋರಿಸಿದಳು. ಇಡೀ ತರಗತಿ ನಕ್ಕಿತು. ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಮೊದಲ ಪೀರಿಯಡ್ ಅದೇ ತರಗತಿಗಿತ್ತು. ಹೋಗಿ, ಅದೇ ಲೆಕ್ಕ ಬರೆದು, ಸರಿಯಾಗಿ ಬಿಡಿಸಿದೆ.